ಹತ್ತಿದ ಗೇರಿನಲ್ಲೇ ಇಳಿಯಿರಿ

ಹಳೆಯ ಲಾರಿ ಚಾಲಕರಲ್ಲಿ ಒಂದು ಮಾತು ಬಳಕೆಯಲ್ಲಿದೆ: 'ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ.' ಎಂಜಿನಿಯರಿಂಗ್ ಓದುವ ನಾವು ಎರಡು ಪುಟ ಲೆಕ್ಕ ಮಾಡಿ ತಲುಪುವ ತೀರ್ಮಾನವನ್ನು ಅವರು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಆದರೆ ಆ ಸಾಲಿನ ಹಿಂದಿರುವ ಕಾರಣ ಗೊತ್ತಿಲ್ಲದಿದ್ದರೆ ಅದನ್ನು ಮೀರುವುದು ಬಹಳ ಸುಲಭ. ಇಳಿಜಾರು ಬಂದ ಕೂಡಲೇ ನ್ಯೂಟ್ರಲ್ ಹಾಕಿ 'ಡೀಸೆಲ್ ಉಳಿಯಿತು' ಎಂದು ಸಮಾಧಾನ ಪಡುವವರು ನಮ್ಮ ಸುತ್ತಲೇ ಇದ್ದಾರೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಸುಮಾರು 20 ಕಿ.ಮೀ. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕು. ಭತ್ತ, ಹುಲ್ಲು, ಇಟ್ಟಿಗೆ, ಜಲ್ಲಿ, ಅಡಿಕೆ ಮೂಟೆ ಹೊತ್ತ ಟ್ರ್ಯಾಕ್ಟರ್ ಟ್ರೇಲರ್‌ಗಳು ಒಂದರ ಹಿಂದೆ ಒಂದು ಸಿಗುತ್ತವೆ. ಈ ದಾರಿ ಬಹುಪಾಲು ಸಮತಟ್ಟು. ತೊಂದರೆ ಇರುವುದು ನಾಲೆ ಏರಿಯಿಂದ ಗದ್ದೆಗೆ ಇಳಿಯುವ ಕಡೆ, ತೋಟದ ಕಚ್ಚಾ ರಸ್ತೆಯಲ್ಲಿ, ಊರೊಳಗಿನ ರೈಲ್ವೆ ಮೇಲ್ಸೇತುವೆಗಳ ಇಳಿಜಾರಿನಲ್ಲಿ. ಪಶ್ಚಿಮಕ್ಕೆ ಹೋದಂತೆ ಘಾಟಿಗಳೇ ಶುರುವಾಗುತ್ತವೆ. ತೀರ್ಥಹಳ್ಳಿ ದಾಟಿದರೆ 14 ಹೇರ್‌ಪಿನ್ ತಿರುವುಗಳ ಆಗುಂಬೆ, ಹೊಸನಗರದ ಕಡೆಯಿಂದ ಕುಂದಾಪುರಕ್ಕೆ ಇಳಿಯುವ ಹುಲಿಕಲ್. ಆಗುಂಬೆಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ. ಹಾಗಾಗಿ ಸರಕು ಹೊತ್ತ ಲಾರಿಗಳು ಬೇರೆ ಘಾಟಿ ಹಿಡಿಯುತ್ತವೆ. ದಾರಿ ಯಾವುದಾದರೂ ಭಾರ ಅದೇ, ಇಳಿತವೂ ಹೆಚ್ಚು ಕಡಿಮೆ ಅಷ್ಟೇ.

ಭಾರ ಹತ್ತಿಸುವುದು ಕಷ್ಟ, ಇಳಿಸುವುದು ಸುಲಭ ಎಂಬುದು ನಮ್ಮ ಸಾಮಾನ್ಯ ಎಣಿಕೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಇಳಿಜಾರಿನ ಲೆಕ್ಕ

ಟ್ರ್ಯಾಕ್ಟರ್, ಟ್ರೇಲರ್, ಅದರೊಳಗಿನ ಸರಕು ಎಲ್ಲ ಸೇರಿ 10 ಟನ್ ಎಂದುಕೊಳ್ಳೋಣ. ರಸ್ತೆಯ ಇಳಿಜಾರು ನೂರು ಮೀಟರಿಗೆ 6 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಇಳಿಯುತ್ತಿದ್ದರೆ ಗುರುತ್ವಾಕರ್ಷಣೆ ಆ ವಾಹನವನ್ನು ಸುಮಾರು 33 ಕಿಲೋವ್ಯಾಟ್ ಶಕ್ತಿಯಿಂದ ಮುಂದಕ್ಕೆ ತಳ್ಳುತ್ತಿರುತ್ತದೆ. ಅಂದರೆ 44 ಅಶ್ವಶಕ್ತಿ. ನಮ್ಮ ಹಳ್ಳಿಗಳಲ್ಲಿ ಓಡುವ 45 ಎಚ್‌ಪಿ ಟ್ರ್ಯಾಕ್ಟರ್ ತನ್ನ ಪೂರ್ತಿ ಕಸುವು ಹಾಕಿ ದುಡಿದರೆ ಎಷ್ಟು ಕೊಡುತ್ತದೋ ಹೆಚ್ಚು ಕಡಿಮೆ ಅಷ್ಟು! ಕಣ್ಣಿಗೆ ಕಾಣದ ಇನ್ನೊಂದು ಟ್ರ್ಯಾಕ್ಟರ್ ಹಿಂದಿನಿಂದ ತಳ್ಳುತ್ತಿದೆ ಎಂದೇ ತಿಳಿಯಿರಿ. ಟೈರು ಮತ್ತು ನೆಲದ ಘರ್ಷಣೆ ಇದರಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ಉಳಿದದ್ದನ್ನು ಯಾರಾದರೂ ಹಿಡಿಯಲೇಬೇಕು. ಹಿಡಿಯದಿದ್ದರೆ ವೇಗ ಏರುತ್ತದೆ.

ವೇಗ ಏರಿದರೆ ಏನಾಗುತ್ತದೆ? ಗಂಟೆಗೆ 40 ಕಿ.ಮೀ. ಆದಾಗ ಅದೇ ಇಳಿಜಾರು 88 ಅಶ್ವಶಕ್ತಿಯಿಂದ ತಳ್ಳುತ್ತದೆ. ಬದಲಿಗೆ 10 ಕಿ.ಮೀ.ಗೆ ಇಳಿಸಿಕೊಂಡರೆ 22 ಅಶ್ವಶಕ್ತಿ ಮಾತ್ರ. ಇಳಿಯುವ ಎತ್ತರ ಬದಲಾಗಿಲ್ಲ, ಭಾರವೂ ಬದಲಾಗಿಲ್ಲ. ನಿಧಾನ ಹೋದಷ್ಟೂ ಆ ಶಕ್ತಿಯನ್ನು ಕರಗಿಸಲು ಹೆಚ್ಚು ಸಮಯ ಸಿಗುತ್ತದೆ, ಅಷ್ಟೇ. ಇಳಿಜಾರಿನ ಚಾಲನೆಯಲ್ಲಿ ಇರುವ ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ.

ಈಗ ಪೂರ್ತಿ ಘಾಟಿಯನ್ನು ತೆಗೆದುಕೊಳ್ಳಿ. ಅದೇ 10 ಟನ್ ಭಾರ 500 ಮೀಟರ್ ಕೆಳಗಿಳಿಯಬೇಕು. ಅದರಿಂದ ಹೊರಬರುವ ಶಕ್ತಿ 49 ಮೆಗಾಜೂಲ್. ಮನೆಯ ವಿದ್ಯುತ್ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಹದಿಮೂರೂವರೆ ಯೂನಿಟ್. ಮಲೆನಾಡಿನ ಬಚ್ಚಲುಮನೆಯ ಭಾಷೆಯಲ್ಲಿ ಹೇಳುವುದಾದರೆ, ಸುಮಾರು 145 ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಬೇಕಾಗುವಷ್ಟು ಕಾವು. ಒಲೆಗೆ ಎಷ್ಟು ಕಟ್ಟಿಗೆ ಹಾಕಿದರೆ ದೊಡ್ಡ ಹಂಡೆ ಕುದಿಯುತ್ತದೆ ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಷ್ಟೂ ಕಾವು ನಾಲ್ಕು ಬ್ರೇಕ್ ಡ್ರಮ್ಮುಗಳ ಒಳಗೆ ಹುಟ್ಟಿದರೆ?

ಬ್ರೇಕು ಏಕೆ ಸೋಲುತ್ತದೆ?

ಬ್ರೇಕ್ ಎಂದರೆ ಓಟವನ್ನು ಕಾವಾಗಿ ಬದಲಿಸುವ ಸಾಧನ. ಕಾವನ್ನು ನಾಶ ಮಾಡುವ ಶಕ್ತಿ ಅದಕ್ಕಿಲ್ಲ. ಗಾಳಿಗೆ ನಿಧಾನವಾಗಿ ಬಿಟ್ಟುಕೊಡಬೇಕು. ಒಂದು ಡ್ರಮ್ 40 ಕೆ.ಜಿ. ಎಂದರೂ ನಾಲ್ಕಕ್ಕೆ 160 ಕೆ.ಜಿ. ಕಬ್ಬಿಣ. ಮೇಲೆ ಹೇಳಿದ 49 ಮೆಗಾಜೂಲ್ ಪೂರ್ತಿ ಅದರೊಳಗೇ ಉಳಿದರೆ ಕಬ್ಬಿಣದ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸು ಏರುತ್ತದೆ. ವಾಸ್ತವದಲ್ಲಿ ಗಾಳಿ ತಣಿಸುತ್ತಿರುತ್ತದೆ, ಹಾಗಾಗಿ ಅಷ್ಟಾಗುವುದಿಲ್ಲ. ಆದರೆ ಅದರ ಅರ್ಧಕ್ಕೆ ಬಂದರೂ ಕಷ್ಟ ಶುರು.

ಏನೇನಾಗುತ್ತದೆ ನೋಡಿ. ಕಾದ ಡ್ರಮ್ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ, ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತದೆ. ಲೈನರ್‌ನ ಹಿಡಿತ ಕಾವು ಹೆಚ್ಚಾದಂತೆ ಕುಗ್ಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಹೈಡ್ರಾಲಿಕ್ ಬ್ರೇಕ್ ಇದ್ದರೆ ಒಳಗಿನ ಬ್ರೇಕ್ ಆಯಿಲ್‌ಗೂ ಒಂದು ಮಿತಿ ಇದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ, ಡಾಟ್ 4 ಆದರೆ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಮೇಲೆ ಆ ಮಿತಿ ಡಾಟ್ 3ಕ್ಕೆ 140 ಡಿಗ್ರಿ, ಡಾಟ್ 4ಕ್ಕೆ 155 ಡಿಗ್ರಿಗೆ ಇಳಿಯುತ್ತದೆ. ಮಳೆಗಾಲ ಮುಗಿಯದ ಮಲೆನಾಡಿನಲ್ಲಿ ವರ್ಷಗಟ್ಟಲೆ ಬ್ರೇಕ್ ಆಯಿಲ್ ಬದಲಿಸದ ವಾಹನ ಎಂದರೆ ಏನೆಂದು ಯೋಚಿಸಿ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ತುಂಬುತ್ತದೆ. ಗುಳ್ಳೆ ಸ್ಪಂಜಿನಂತೆ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

'ಬ್ರೇಕ್ ಫೇಲ್ ಆಗಿ ಅಪಘಾತ' ಎಂದು ನಾವು ಪತ್ರಿಕೆಯಲ್ಲಿ ಓದುತ್ತೇವೆ. ಕೆಲವು ಸಲ ಪೈಪ್ ಒಡೆದಿರಬಹುದು, ಮತ್ತೇನೋ ಮುರಿದಿರಬಹುದು. ಆದರೆ ಎಲ್ಲ ಭಾಗವೂ ಸರಿಯಿದ್ದು ಬರೀ ಕಾವಿನಿಂದಲೇ ಬ್ರೇಕ್ ಕೈಕೊಡುವುದು ಸಾಧ್ಯ. ಗಾಡಿ ತಣ್ಣಗಾದ ಮೇಲೆ ಅದೇ ಬ್ರೇಕ್ ಮತ್ತೆ ಹಿಡಿಯಲೂಬಹುದು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಜನರಿಗೆ ಕಾವು ಕಬ್ಬಿಣವನ್ನು ಏನು ಮಾಡುತ್ತದೆ ಎಂದು ಹೊಸದಾಗಿ ಹೇಳಬೇಕಿಲ್ಲ. ಆ ತಿಳಿವಳಿಕೆಯನ್ನು ರಸ್ತೆಗೂ ತರಬೇಕು.

ಎಂಜಿನ್ ಹೇಗೆ ತಡೆಯುತ್ತದೆ?

ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸತೊಡಗುತ್ತವೆ. ಆ ತಿರುಗಿಸುವ ಶ್ರಮವೇ ತಡೆ. ಇದನ್ನೇ ಎಂಜಿನ್ ಬ್ರೇಕಿಂಗ್ ಎನ್ನುತ್ತಾರೆ. ಇದರಲ್ಲಿ ಹುಟ್ಟುವ ಕಾವು ಎಂಜಿನ್ನಿನ ನೀರು, ಆಯಿಲ್, ಸೈಲೆನ್ಸರಿನ ಗಾಳಿಯ ಮೂಲಕ ಹೊರಹೋಗುತ್ತದೆ. ಎಂಜಿನ್ ಇರುವುದೇ ಕಾವನ್ನು ಸಂಭಾಳಿಸಲು. ಅದಕ್ಕೆ ರೇಡಿಯೇಟರ್ ಇದೆ, ಫ್ಯಾನ್ ಇದೆ. ಬ್ರೇಕ್ ಡ್ರಮ್ಮಿಗೆ ಅವು ಯಾವುವೂ ಇಲ್ಲ.

ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದ ಕೂಡಲೇ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಪಿಸ್ಟನ್‌ಗಳು ಮುಚ್ಚಿದ ಬಾಗಿಲಿನ ಹಿಂದಿನಿಂದ ಗಾಳಿ ಎಳೆಯಲು ಒದ್ದಾಡುತ್ತವೆ. ಆ ಒದ್ದಾಟ ಒಳ್ಳೆಯ ತಡೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಅಂಥ ಬಾಗಿಲು ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತುತ್ತದೆ, ನಿಜ. ಆದರೆ ಒತ್ತಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್‌ಅನ್ನು ಮತ್ತೆ ಕೆಳಕ್ಕೆ ತಳ್ಳಿ, ಪಡೆದದ್ದರಲ್ಲಿ ಹೆಚ್ಚಿನ ಪಾಲನ್ನು ವಾಪಸ್ ಕೊಟ್ಟುಬಿಡುತ್ತದೆ. ಉಳಿಯುವುದು ಒಳಗಿನ ಘರ್ಷಣೆ, ಪಂಪು, ಫ್ಯಾನುಗಳ ತಡೆ ಮಾತ್ರ. ಆದ್ದರಿಂದ 45 ಎಚ್‌ಪಿ ಎಂಜಿನ್ 45 ಎಚ್‌ಪಿಯನ್ನು ತಡೆಯಲಾರದು. ಅದರ ಒಂದು ಪಾಲನ್ನಷ್ಟೇ ತಡೆಯಬಲ್ಲದು. ಎಂಜಿನ್ ಜೋರಾಗಿ ತಿರುಗಿದಷ್ಟೂ ತಡೆ ಹೆಚ್ಚು, ಅದಕ್ಕೇ ಕೆಳಗಿನ ಗೇರು ಬೇಕು.

ಈ ಕೊರತೆ ತುಂಬಲು ಲಾರಿಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಹೊಗೆ ಹೋಗುವ ದಾರಿಗೆ ಒಂದು ಕವಾಟ ಅಡ್ಡ ಹಿಡಿಯುತ್ತದೆ. ಪಿಸ್ಟನ್ ಈಗ ಒತ್ತಡದ ವಿರುದ್ಧ ಗಾಳಿ ನೂಕಬೇಕು. ಇನ್ನೊಂದು ಬಗೆಯಲ್ಲಿ, ಪಿಸ್ಟನ್ ಗಾಳಿಯನ್ನು ಪೂರ್ತಿ ಒತ್ತಿ ಮೇಲೆ ತಲುಪಿದಾಗ ಎಕ್ಸಾಸ್ಟ್ ವಾಲ್ವ್ ತೆರೆದು ಆ ಗಾಳಿಯನ್ನು ಹೊರಕ್ಕೆ ಬಿಡುತ್ತಾರೆ. ಸ್ಪ್ರಿಂಗ್ ಒತ್ತಿ, ಅದು ಮರಳಿ ತಳ್ಳುವ ಮೊದಲೇ ಬಿಚ್ಚಿಬಿಟ್ಟಂತೆ.

ಈ ಎರಡನೆಯ ಉಪಾಯದ ಹಿಂದೆ ಒಂದು ಕತೆಯಿದೆ. ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಡೀಸೆಲ್ ಟ್ರಕ್ ಓಡಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಕಹೋನ್ ಪಾಸ್ ಎಂಬ ಕಣಿವೆ ಇಳಿಯುವಾಗ ಬ್ರೇಕ್ ಸೋತಿತು. ಮುಂದೆ ರೈಲ್ವೆ ಹಳಿ, ಹಳಿಯ ಮೇಲೆ ರೈಲು. ಕೂದಲೆಳೆಯಲ್ಲಿ ಪಾರಾದರು. ಟ್ರಕ್ಕನ್ನು ಓಡಿಸಬಲ್ಲ ಎಂಜಿನ್ ಅದನ್ನು ತಡೆಯಲು ಏಕೆ ನೆರವಾಗಬಾರದು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ನಿವೃತ್ತಿಯ ನಂತರ ಅದಕ್ಕೆ ಉತ್ತರ ಕಂಡುಕೊಂಡರು. 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. 'ಜೇಕ್ ಬ್ರೇಕ್' ಎಂಬ ಹೆಸರು ಬಂದದ್ದು ಹಾಗೆ.

ಟೋ ಮೋಡ್ ಎಂಬ ಗುಂಡಿ

ಅಮೆರಿಕದಲ್ಲಿರುವ ಅಣ್ಣ, ಅಕ್ಕಂದಿರು ಪಿಕಪ್ ಟ್ರಕ್ಕಿನ ಹಿಂದೆ ದೋಣಿಯನ್ನೋ ಚಿಕ್ಕ ಮನೆಯಂಥ ಕ್ಯಾಂಪರನ್ನೋ ಕಟ್ಟಿಕೊಂಡು ಹೋಗುವ ಫೋಟೊ ಕಳಿಸುತ್ತಾರಲ್ಲ, ಆ ಗಾಡಿಗಳಲ್ಲಿ 'ಟೋ/ಹಾಲ್' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಎಂಜಿನ್ ಶಕ್ತಿ ಹೆಚ್ಚಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಮುಖ್ಯವಾಗಿ ಮಾಡುವುದು ಗೇರು ಬದಲಿಸುವ ರೀತಿಯನ್ನು ತಿದ್ದುವ ಕೆಲಸ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸಾಮಾನ್ಯವಾಗಿ ಇಂಧನ ಉಳಿಸಲು ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತದೆ. ಹಿಂದೆ ಭಾರವಿದ್ದಾಗ ಏರಿನಲ್ಲಿ ಅದು ಮೇಲಿನ ಗೇರು ಹಾಕುತ್ತದೆ, ಎಳೆಯಲಾರದೆ ಕೆಳಗಿನದಕ್ಕೆ ಬರುತ್ತದೆ, ಮತ್ತೆ ಮೇಲಕ್ಕೆ ಹೋಗುತ್ತದೆ. ಈ ಪರದಾಟದಲ್ಲಿ ಗೇರ್ ಆಯಿಲ್ ಕಾಯುತ್ತದೆ. ಟೋ ಮೋಡ್‌ನಲ್ಲಿ ಕೆಳಗಿನ ಗೇರನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಚಾಲಕ ಒಮ್ಮೆ ಬ್ರೇಕ್ ಒತ್ತಿದರೆ 'ಇವರಿಗೆ ವೇಗ ಕಡಿಮೆ ಬೇಕು' ಎಂದು ಕಂಪ್ಯೂಟರ್ ಅರ್ಥ ಮಾಡಿಕೊಂಡು ತಾನೇ ಕೆಳಗಿನ ಗೇರಿಗೆ ಬರುತ್ತದೆ. ಅಂದರೆ ನಮ್ಮ ಲಾರಿ ಚಾಲಕರ ಆ ಹಳೆಯ ಮಾತನ್ನೇ ಸಾಫ್ಟ್‌ವೇರ್ ಆಗಿ ಬರೆದು ಗುಂಡಿಯ ಹಿಂದೆ ಇಟ್ಟಿದ್ದಾರೆ.

ನಮ್ಮ ಆಟೊಮ್ಯಾಟಿಕ್ ಕಾರುಗಳಲ್ಲಿ ಈ ಗುಂಡಿ ಸಾಮಾನ್ಯವಾಗಿ ಇಲ್ಲ. ಆದರೆ ಗೇರ್ ಲಿವರಿನಲ್ಲಿ 'ಎಲ್' ಎಂದೋ '2' ಎಂದೋ ಮ್ಯಾನುಯಲ್ ಮೋಡ್ ಎಂದೋ ಇರುತ್ತದೆ. ಐದು ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ 'ಡಿ'ಯಲ್ಲೇ ಬಿಟ್ಟು ಉದ್ದಕ್ಕೂ ಬ್ರೇಕ್ ತುಳಿಯುವ ಬದಲು ಅದನ್ನು ಬಳಸಬೇಕು. ಟ್ರ್ಯಾಕ್ಟರಿನಲ್ಲಿ ಟೋ ಮೋಡ್ ಎಂದರೆ ಚಾಲಕನ ತಲೆ ಮತ್ತು ಹೈ-ಲೋ ಲಿವರ್.

ಹಿಂದಿನಿಂದ ತಳ್ಳುವ ಟ್ರೇಲರ್

ಲಾರಿಗೂ ಟ್ರ್ಯಾಕ್ಟರ್ ಟ್ರೇಲರ್‌ಗೂ ದೊಡ್ಡ ವ್ಯತ್ಯಾಸವಿದೆ. ಲಾರಿಯ ಎಲ್ಲ ಚಕ್ರಗಳಿಗೂ ಬ್ರೇಕ್ ಇರುತ್ತದೆ. ನಮ್ಮ ಕಡೆಯ ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ದೊಡ್ಡ ಚಕ್ರಗಳಿಗೆ ಮಾತ್ರ. ಕೃಷಿ ಕೆಲಸದ ಎಷ್ಟೋ ಟ್ರೇಲರ್‌ಗಳಲ್ಲಿ ಬ್ರೇಕೇ ಇಲ್ಲ. ಎರಡು ಟನ್ ತೂಕದ ಟ್ರ್ಯಾಕ್ಟರ್ ತನ್ನ ಎರಡು ಚಕ್ರದ ಹಿಡಿತದಿಂದ ಅದರ ಮೂರು, ನಾಲ್ಕು ಪಟ್ಟು ಭಾರವನ್ನು ತಡೆಯಬೇಕು.

ಸಮತಟ್ಟಿನಲ್ಲಿ ಟ್ರ್ಯಾಕ್ಟರ್ ಟ್ರೇಲರನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಟ್ರೇಲರ್ ಟ್ರ್ಯಾಕ್ಟರನ್ನು ತಳ್ಳುತ್ತದೆ. ನೇರ ದಾರಿಯಲ್ಲಿ ತಳ್ಳಿದರೆ ಹೇಗೋ ನಡೆಯುತ್ತದೆ. ತಿರುವಿನಲ್ಲಿ ತಳ್ಳಿದರೆ ಕೊಂಡಿಯ ಹತ್ತಿರ ಎರಡೂ ಮಡಚಿಕೊಳ್ಳುತ್ತವೆ. ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಟ್ರೇಲರ್ ಅದರ ಮೇಲೆ ಬರುತ್ತದೆ. ಮಳೆ ಬಿದ್ದ ಕೆಂಪು ಮಣ್ಣಿನ ಮೇಲೆ ಬ್ರೇಕ್ ಜೋರಾಗಿ ತುಳಿದು ಹಿಂದಿನ ಚಕ್ರ ಜಾರಿದರೂ ಇದೇ ಗತಿ. ಆ ಟ್ರೇಲರಿನಲ್ಲಿ ಎಷ್ಟೋ ಸಲ ಮೂಟೆಯ ಮೇಲೆ ಕೂಲಿ ಕೆಲಸದ ಹೆಂಗಸರು, ಮಕ್ಕಳು ಕೂತಿರುತ್ತಾರೆ. ಮದುವೆಗೆ, ಜಾತ್ರೆಗೆ ಹೊರಟವರು ಇರುತ್ತಾರೆ. ಸರಕಿಗಾಗಿ ಮಾಡಿದ ಆ ಪೆಟ್ಟಿಗೆಯಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಇಲ್ಲಿ ತಿಳಿದಿರಬೇಕಾದ ಮೂರು ವಿಷಯಗಳಿವೆ. ಒಂದು, ಟ್ರ್ಯಾಕ್ಟರಿನಲ್ಲಿ ಎಡ, ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ಗದ್ದೆಯಲ್ಲಿ ಗಕ್ಕನೆ ತಿರುಗಲು ಅದು ಅನುಕೂಲ. ರಸ್ತೆಗೆ ಬರುವ ಮೊದಲು ಎರಡನ್ನೂ ಸೇರಿಸುವ ಲಾಕ್ ಹಾಕಲೇಬೇಕು. ಹಾಕದೆ ವೇಗದಲ್ಲಿ ಒಂದನ್ನೇ ತುಳಿದರೆ ಗಾಡಿ ಆ ಕಡೆಗೆ ಎಳೆದು ಮಗುಚಬಹುದು. ಎರಡು, ಹಲವು ಟ್ರ್ಯಾಕ್ಟರುಗಳ ಗೇರ್‌ಬಾಕ್ಸ್ ಕಾರಿನಂತಲ್ಲ. ಓಡುತ್ತಿರುವಾಗ ಕೆಳಗಿನ ಗೇರು ಸುಲಭವಾಗಿ ಬೀಳುವುದಿಲ್ಲ. ಇಳಿಜಾರಿನ ಮಧ್ಯೆ ಗೇರು ಬದಲಿಸಲು ಹೋಗಿ ಅದು ಬೀಳದಿದ್ದರೆ ಗಾಡಿ ನ್ಯೂಟ್ರಲ್‌ನಲ್ಲಿ ಉಳಿಯುತ್ತದೆ, ವೇಗ ಏರುತ್ತದೆ, ಆಮೇಲೆ ಯಾವ ಗೇರೂ ಬೀಳುವುದಿಲ್ಲ. ಆದ್ದರಿಂದ ಇಳಿಜಾರಿನ ನೆತ್ತಿಯಲ್ಲೇ ನಿಲ್ಲಿಸಿ, ಕೆಳಗಿನ ಗೇರು ಹಾಕಿ, ನಂತರ ಹೊರಡಬೇಕು. ಮೂರು, ಇಳಿಯುವಾಗ ಕ್ಲಚ್ ತುಳಿಯಬಾರದು. ಕ್ಲಚ್ ತುಳಿದ ಕ್ಷಣ ಎಂಜಿನ್ ಮತ್ತು ಚಕ್ರದ ನಂಟು ಕಡಿಯುತ್ತದೆ. ಅದೂ ನ್ಯೂಟ್ರಲ್ ಹಾಕಿದಂತೆಯೇ.

ಟಿಲ್ಲರಿನ ಉಲ್ಟಾ ಕ್ಲಚ್

ಮಲೆನಾಡಿನ ಸಣ್ಣ ತೋಟಗಳಲ್ಲಿ ಟ್ರ್ಯಾಕ್ಟರಿಗಿಂತ ಪವರ್ ಟಿಲ್ಲರ್ ಹೆಚ್ಚು. ಅದಕ್ಕೆ ಪುಟ್ಟ ಟ್ರೇಲರ್ ಕಟ್ಟಿ ಅಡಿಕೆ, ಗೊಬ್ಬರ, ಸೊಪ್ಪು ಸಾಗಿಸುತ್ತಾರೆ. ಎಂಜಿನ್ ಬ್ರೇಕಿಂಗ್ ಎಂದರೇನು ಎಂದು ನನಗೆ ಮೊದಲು ಅರ್ಥ ಮಾಡಿಸಿದ್ದು ಕಾಲೇಜಲ್ಲ, ನಮ್ಮ ದೊಡ್ಡಪ್ಪನ ಟಿಲ್ಲರ್.

ಟಿಲ್ಲರಿಗೆ ಸ್ಟೇರಿಂಗ್ ಚಕ್ರ ಇಲ್ಲ. ಎರಡು ಹಿಡಿಕೆಗಳಲ್ಲಿ ಎರಡು ಕ್ಲಚ್ ಇರುತ್ತವೆ. ಎಡಗಡೆಯ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಎಂಜಿನ್ ಶಕ್ತಿ ನಿಲ್ಲುತ್ತದೆ, ಬಲ ಚಕ್ರ ಮುಂದೆ ಹೋಗುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇದು ತಿರುವುಮುರುವು! ಅಲ್ಲಿ ಎಂಜಿನ್ ಎರಡೂ ಚಕ್ರಗಳನ್ನು ತಡೆಹಿಡಿದಿರುತ್ತದೆ. ಎಡ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಆ ತಡೆ ತಪ್ಪಿ ಅದು ಬಿಡುಬೀಸಾಗಿ ಓಡುತ್ತದೆ. ಬಲ ಚಕ್ರ ಇನ್ನೂ ಎಂಜಿನ್ನಿನ ಹಿಡಿತದಲ್ಲಿರುತ್ತದೆ. ಗಾಡಿ ಬಲಕ್ಕೆ ತಿರುಗುತ್ತದೆ.

'ಏನ್ ದೊಡ್ಡಪ್ಪ, ಕ್ಲಚ್ ಕೆಟ್ಟಿದ್ಯಾ?' ಎಂದು ಕೇಳಿದ್ದೆ.

'ಕ್ಲಚ್ ಸರಿಯಾಗೇ ಇದೆ ಮಾರಾಯ. ಇಳೀವಾಗ ಅದು ಉಲ್ಟಾ. ಇಳಿಜಾರಲ್ಲಿ ಕ್ಲಚ್ ಮುಟ್ಬೇಡ, ಹ್ಯಾಂಡಲ್ ತಳ್ಳಿ ತಿರುಗ್ಸು' ಎಂದರು.

ತೋಟದ ಒಂದು ಬದಿ ಧರೆ, ಇನ್ನೊಂದು ಬದಿ ಹಳ್ಳ. ಎಡಕ್ಕೆ ಹೋಗಬೇಕಾದ ಗಾಡಿ ಬಲಕ್ಕೆ ಹೋದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಟಿಲ್ಲರ್ ಜತೆಗೆ ಬರುವ ಕೈಪಿಡಿಗಳಲ್ಲಿ ಈ ಎಚ್ಚರಿಕೆ ಇರುತ್ತದೆ, ಓದುವವರು ಕಡಿಮೆ. ರಜೆಗೆ ಊರಿಗೆ ಹೋಗಿ 'ನಾನೂ ಒಂದು ರೌಂಡ್ ಓಡಿಸ್ತೀನಿ' ಎನ್ನುವ ನಮ್ಮ ವಯಸ್ಸಿನವರು ಮೊದಲು ಕಲಿಯಬೇಕಾದ ಪಾಠ ಇದು. ಟ್ರೇಲರಿಗೆ ಕಾಲಿನ ಬ್ರೇಕ್ ಇದ್ದರೆ ಇಳಿಯುವ ಮೊದಲು ಅದು ಹಿಡಿಯುತ್ತದೆಯೇ ಎಂದು ಒಮ್ಮೆ ಒತ್ತಿ ನೋಡಬೇಕು.

ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆಯೇ?

ಉಳಿಯುವುದಿಲ್ಲ. ಗಾಡಿ ಗೇರಿನಲ್ಲಿದ್ದು, ಆಕ್ಸಿಲರೇಟರ್ ಬಿಟ್ಟು, ಚಕ್ರಗಳೇ ಎಂಜಿನನ್ನು ತಿರುಗಿಸುತ್ತಿರುವಾಗ ಈಗಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸಿಬಿಡುತ್ತವೆ. ಹಳೆಯ ಡೀಸೆಲ್ ಪಂಪಿನಲ್ಲಿಯೂ ಗವರ್ನರ್ ಅದೇ ಕೆಲಸ ಮಾಡುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದಂತೆ ಉಳಿಯಲು ಇಂಧನ ಕುಡಿಯುತ್ತಲೇ ಇರಬೇಕು. ಅಂದರೆ ಇಳಿಜಾರಿನಲ್ಲಿ ಗೇರಿನಲ್ಲಿರುವುದೇ ಉಳಿತಾಯ. ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಡುವುದಂತೂ ಇನ್ನೂ ಅಪಾಯ. ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ. ಬ್ರೇಕಿಗೆ ನೆರವಾಗುವ ನಿರ್ವಾತ ಅಥವಾ ಗಾಳಿಯ ಒತ್ತಡ ಹೊಸದಾಗಿ ತುಂಬುವುದಿಲ್ಲ. ನಾಲ್ಕು ಸಲ ಪೆಡಲ್ ಒತ್ತುವಷ್ಟರಲ್ಲಿ ಅದು ಕಲ್ಲಾಗಬಹುದು.

ಎಂಜಿನ್ ಬ್ರೇಕಿಂಗ್‌ಗೂ ಮಿತಿಯಿದೆ. ಭಾರ ತಳ್ಳುವ ರಭಸಕ್ಕೆ ಎಂಜಿನ್ ಕೆಂಪು ಗೆರೆ ದಾಟಿ ತಿರುಗಿದರೆ ಒಳಗಿನ ಭಾಗಗಳು ಮುರಿಯಬಹುದು. ಹಾಗಾಗಿ ಎಂಜಿನ್ ಮುಖ್ಯ, ಬ್ರೇಕ್ ನೆರವು ಎಂಬಂತೆ ಎರಡನ್ನೂ ಸೇರಿಸಿ ಬಳಸಬೇಕು. ಕ್ರಮ ಹೀಗಿದೆ: 20 ಕಿ.ಮೀ. ನಿಮ್ಮ ಗರಿಷ್ಠ ವೇಗ ಎಂದು ತೀರ್ಮಾನಿಸಿ. ಅಲ್ಲಿಗೆ ಮುಟ್ಟಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 12ಕ್ಕೆ ತನ್ನಿ, ಪೂರ್ತಿ ಕಾಲು ತೆಗೆಯಿರಿ. ಮತ್ತೆ 20 ಆಗುವವರೆಗೆ ಎಂಜಿನ್ ನೋಡಿಕೊಳ್ಳಲಿ, ಬ್ರೇಕ್ ತಣಿಯಲಿ. ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟು ಸವೆಸುವುದು ಬೇಡ.

ರೈಲು, ಸ್ಕೂಟರ್, ಬ್ಯಾಟರಿ ಗಾಡಿ

ಇದೇ ತತ್ವ ನಮ್ಮ ಪಶ್ಚಿಮ ಘಟ್ಟದ ರೈಲಿನಲ್ಲೂ ಇದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ 57 ಸುರಂಗಗಳ ಘಾಟಿ ಮಾರ್ಗದಲ್ಲಿ ಇಳಿಜಾರು 50 ಮೀಟರಿಗೆ 1 ಮೀಟರ್. ರಸ್ತೆಗೆ ಹೋಲಿಸಿದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ಸಾವಿರಾರು ಟನ್ ಸರಕಿನ ರೈಲಿಗೆ ಅದು ಭಾರಿ ಇಳಿಜಾರು. ಅಲ್ಲಿ ಎಂಜಿನ್ನಿನ ಮೋಟಾರುಗಳನ್ನೇ ಜನರೇಟರಿನಂತೆ ತಿರುಗಿಸಿ ವೇಗ ತಡೆಯುವ ಡೈನಾಮಿಕ್ ಬ್ರೇಕ್ ಬಳಸುತ್ತಾರೆ. ಗಾಲಿಯ ಬ್ರೇಕನ್ನು ಉಳಿಸಿಕೊಳ್ಳುವುದೇ ಉದ್ದೇಶ.

ಎಲೆಕ್ಟ್ರಿಕ್ ಸ್ಕೂಟರ್, ಕಾರುಗಳಲ್ಲಿ ಇದೇ ವಿದ್ಯೆಗೆ ರೀಜನರೇಷನ್ ಎಂದು ಹೆಸರು. ಇಳಿಯುವಾಗ ಹುಟ್ಟುವ ವಿದ್ಯುತ್ ಬ್ಯಾಟರಿಗೆ ಹೋಗುತ್ತದೆ. ಒಂದು ಸೂಕ್ಷ್ಮ ನೆನಪಿರಲಿ: ಬ್ಯಾಟರಿ ಪೂರ್ತಿ ತುಂಬಿದ್ದರೆ ಅದು ಹೆಚ್ಚು ವಿದ್ಯುತ್ ತೆಗೆದುಕೊಳ್ಳಲಾರದು, ಆಗ ಆ ತಡೆಯೂ ಕುಗ್ಗುತ್ತದೆ. ಘಾಟಿಯ ನೆತ್ತಿಯಲ್ಲಿರುವ ಊರಿನಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಕೆಳಗಿಳಿಯುವುದು ಜಾಣತನವಲ್ಲ.

ಭಾನುವಾರ ಆಗುಂಬೆಗೆ ಹೋಗುವ ಕಾಲೇಜು ಗೆಳೆಯರಿಗೆ ಒಂದು ಮಾತು. ಗೇರ್ ಇರುವ ಬೈಕಿನಲ್ಲಿ ಎರಡನೇ ಗೇರು ಹಾಕಿ ಇಳಿಯಬಹುದು. ಗೇರ್ ಇಲ್ಲದ ಪೆಟ್ರೋಲ್ ಸ್ಕೂಟರಿನಲ್ಲಿ ಎಂಜಿನ್ನಿನ ಹಿಡಿತ ಕಡಿಮೆ, ವೇಗ ತೀರಾ ತಗ್ಗಿದಾಗ ಅದರ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಇಬ್ಬರು ಕೂತು ಇಳಿಯುವಾಗ ಎರಡೂ ಬ್ರೇಕ್ ಬಳಸಿ, ನಡುವೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಬ್ರೇಕ್ ತಣಿಯಲು ಬಿಡಿ. ಕಿರಿದಾದ ಜಾಗದಲ್ಲಿ ಹತ್ತಿ ಬರುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು.

ಕೆಲಸ ಹುಡುಕುವವರಿಗೆ

ಈ ಪುಟ ಓದುವವರಲ್ಲಿ ಡ್ರೈವಿಂಗ್ ಲೈಸೆನ್ಸ್ ನಂಬಿ ಕೆಲಸಕ್ಕೆ ಹೊರಟವರೂ ಇರುತ್ತಾರೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನಗಳನ್ನು ಎಲ್‌ಎಂವಿ ಲೈಸೆನ್ಸ್ ಇರುವವರು ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಗೂಡ್ಸ್ ಗಾಡಿ, ಡೆಲಿವರಿ ವ್ಯಾನ್ ಓಡಿಸಿ ಬದುಕು ಕಟ್ಟಿಕೊಳ್ಳುವವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಕಾರಿನಲ್ಲಿ ಕಲಿತ ಕಾಲು 7 ಟನ್ ಭಾರವನ್ನು ಅಂದಾಜು ಮಾಡಲಾರದು. ಆ ಅಂದಾಜನ್ನು ಕೇಳಿ, ನೋಡಿ, ಖಾಲಿ ಗಾಡಿಯಲ್ಲಿ ಅಭ್ಯಾಸ ಮಾಡಿ ಗಳಿಸಿಕೊಳ್ಳಬೇಕು.

ಕೊನೆಗೆ ಆ ಹಳೆಯ ಮಾತಿಗೆ ಒಂದು ತಿದ್ದುಪಡಿ. ಈಗಿನ ಎಂಜಿನ್‌ಗಳು ಬಲಶಾಲಿ. ಹಿಂದೆ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಇಂದಿನ ಲಾರಿ ನಾಲ್ಕನೇ ಗೇರಿನಲ್ಲಿ ಹತ್ತೀತು. ಅದೇ ಗೇರಿನಲ್ಲಿ ಇಳಿದರೆ ಸಾಲದು, ಇನ್ನೂ ಕೆಳಗಿನದು ಬೇಕು. ಖಾಲಿ ಗಾಡಿಯಲ್ಲಿ ಹತ್ತಿ, ಮೇಲೆ ಸರಕು ತುಂಬಿಕೊಂಡು ಇಳಿಯುವವರಿಗಂತೂ ಹತ್ತಿದ ಗೇರು ಲೆಕ್ಕಕ್ಕೇ ಬರುವುದಿಲ್ಲ. 'ಇದೇ ಭಾರ ಹೊತ್ತು ಈ ಏರನ್ನು ನಿಧಾನವಾಗಿ ಹತ್ತಬೇಕಾಗಿದ್ದರೆ ಯಾವ ಗೇರು ಹಾಕುತ್ತಿದ್ದೆ?' ಎಂದು ಕೇಳಿಕೊಳ್ಳಿ. ಬಂದ ಉತ್ತರಕ್ಕಿಂತ ಒಂದು ಗೇರು ಕೆಳಗೆ ಹಾಕಿ. ನೆತ್ತಿಯಲ್ಲಿ ಎರಡು ನಿಮಿಷ ನಿಂತು, ಟೈರು, ಕೊಂಡಿಯ ಪಿನ್ನು, ಬ್ರೇಕ್ ನೋಡಿಕೊಂಡು ಹೊರಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ನಿಮ್ಮ ಹಿಂದೆ ಮೂಟೆಯ ಮೇಲೆ ಕೂತವರು ಸಂಜೆ ಮನೆ ಮುಟ್ಟಬೇಕು.